ಹಿಂದೆ ಬಂದವನ ಮೇಲೆ ಬರೆದ ಅರ್ಜಿ

ಗೋವಾದ ಕೊರ್ಲಿಮ್‌ನ ಔಷಧಿ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಾಗ ನನಗೆ ಇಪ್ಪತ್ತಮೂರು ವರ್ಷ. ಧಾರವಾಡ ಬಿಟ್ಟು ಬಂದು ಪರ್ವರಿಯಲ್ಲಿ ಅಣ್ಣ ಅತ್ತಿಗೆಯ ಜೊತೆಗಿದ್ದೆ. ಪಣಜಿಗೆ ಒಂದು ಬಸ್ಸು, ಅಲ್ಲಿಂದ ಕೊರ್ಲಿಮ್‌ಗೆ ಇನ್ನೊಂದು. ಒಂದು ದಿನ ಆ ಎರಡನೆಯ ಬಸ್ಸಿನಲ್ಲಿ ನಾನು ಅವ್ವನ ಜೊತೆ ಮೊಬೈಲಿನಲ್ಲಿ ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡ ಒಬ್ಬ, "ನಮ್ಮ ಕಡಿಯವರೇನ್ರಿ?" ಅಂದ. ನಮ್ಮ ಮಾತು ಕಿವಿಗೆ ಬಿದ್ದ ಖುಷಿಗೆ ಹೌದೆಂದೆ. ಪಕ್ಕದ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವವನು.

ಎರಡು ವಾರಕ್ಕೆ ಮದುವೆಯ ಮಾತು ತೆಗೆದ. ಇಷ್ಟವಿಲ್ಲ, ಇನ್ನು ಮಾತಾಡಿಸಬೇಡಿ ಎಂದು ನೇರವಾಗಿ ಹೇಳಿದೆ. ಅವನು ಮಾತು ಬಿಟ್ಟ, ಹಿಂದೆ ಬರತೊಡಗಿದ. ನನ್ನ ಪಾಳಿ ಬದಲಾದರೂ ಗೇಟಿನ ಹತ್ತಿರ ನಿಂತಿರುತ್ತಿದ್ದ. ಪರ್ವರಿಯ ನಮ್ಮ ಓಣಿಯವರೆಗೂ ಇಪ್ಪತ್ತು ಹೆಜ್ಜೆ ಹಿಂದೆ ಬರುತ್ತಿದ್ದ. ನನ್ನ ನಂಬರು ಎಲ್ಲಿಂದಲೋ ಹಿಡಿದು ಮಿಸ್ಡ್ ಕಾಲ್ ಮಳೆ ಸುರಿಸಿದ. ಕೊನೆಗೆ ಒಂದು ಮೆಸೇಜು ಬಂತು: ಬೇರೆಯವನನ್ನು ಮದುವೆಯಾದರೆ ಮುಖ ತೋರಿಸುವ ಹಾಗಿರುವುದಿಲ್ಲ.

ಅದನ್ನು ಓದಿ ಅತ್ತಿಗೆ, "ಕೆಲಸ ಬಿಟ್ಟು ಊರಿಗೆ ಹೋಗು," ಅಂದಳು. ಅಣ್ಣ, "ನಾಕು ಮಂದಿ ಕರ್ಕೊಂಡು ಹೋಗಿ ಕಾಲು ಮುರೀತೇನಿ," ಅಂದ.

"ಕಾಲು ಮುರದ್ರ ಕೇಸು ನಿನ್ನ ಮ್ಯಾಲ ಅಕ್ಕೇತಿ," ಅಂದೆ. "ತಪ್ಪು ಮಾಡಿದಾವ ಅವ. ನಾ ಯಾಕ ಕೆಲಸ ಬಿಡ್ಲಿ?"

ನಮ್ಮ ಪಕ್ಕದ ಕಟ್ಟಡದಲ್ಲಿ ಪಣಜಿ ಕೋರ್ಟಿಗೆ ಹೋಗುವ ವಕೀಲೆಯೊಬ್ಬರಿದ್ದರು, ಕಾರವಾರದವರು. ಹಿಂಬಾಲಿಸುವುದಕ್ಕೇ ಅಂತ ಬೇರೆ ಕಲಂ ಇಲ್ಲ ಎಂದರು ಅವರು. ಆಗ ಇರಲಿಲ್ಲ, ಅದು ಬಂದದ್ದು ಕೆಲವು ವರ್ಷಗಳ ನಂತರ. "ಆದ್ರೆ ಹೆಣ್ಣಿನ ಮಾನಕ್ಕೆ ಕುಂದು ತರೋ ನಡತೆಗೆ ಒಂದು ಕಲಂ ಇದೆ, ಬೆದರಿಕೆಗೆ ಇನ್ನೊಂದು. ಮೆಸೇಜು ಅಳಿಸಬೇಡ. ಅವನಿಗೆ ಉತ್ತರಾನೂ ಕೊಡಬೇಡ. ಎಲ್ಲಿ, ಯಾವತ್ತು, ಎಷ್ಟು ಹೊತ್ತಿಗೆ ನಿಂತಿದ್ದ, ಯಾರು ನೋಡಿದ್ರು, ಎಲ್ಲಾ ಬರಿ."

ನೋಡಿದವರು ಇದ್ದರು. ನಮ್ಮ ಕ್ಯಾಂಟೀನಿನಲ್ಲಿ ರೊಟ್ಟಿ ಮಾಡುತ್ತಿದ್ದ ವಿಜಾಪುರದ ಹೆಂಗಸು, ಕಿಟಕಿಯಿಂದ ದಿನವೂ ಅವನನ್ನು ಕಂಡವರು. ಕೇಳಿದ ಕೂಡಲೇ ಸೆರಗಿಗೆ ಕೈ ಒರೆಸಿಕೊಂಡು, "ನಾ ಬರ್ತೇನಿ, ಯಾವಾಗ ಹೋಗೂದು ಹೇಳು," ಅಂದರು. ಅಂದಿನಿಂದ ಬಸ್‌ಸ್ಟಾಪಿನ ತನಕ ನನ್ನ ಜೊತೆಗೇ ನಡೆದರು.

ಹತ್ತು ದಿನ ಬರೆದಿಟ್ಟದ್ದನ್ನು ಅರ್ಜಿಯ ರೂಪಕ್ಕೆ ತಂದು ನಾವಿಬ್ಬರೂ ಠಾಣೆಗೆ ಹೋದೆವು. ಅಧಿಕಾರಿ ಮೊದಲ ಪುಟ ಓದಿ, ಮೈ ಮುಟ್ಟಿದ್ದಾನೆಯೇ ಎಂದು ಹಿಂದಿಯಲ್ಲಿ ಕೇಳಿದರು.

"ಇಲ್ಲ ಸಾಹೇಬರೇ. ಮುಟ್ಟುವ ತನಕ ಕಾಯಬೇಕೇ?" ನಾನೂ ಹಿಂದಿಯಲ್ಲೇ ಕೇಳಿದೆ. ಅವರು ಎರಡನೆಯ ಪುಟ ತಿರುವಿದರು, ಮೊಬೈಲು ಇಸಿದುಕೊಂಡು ಮೆಸೇಜು ನೋಡಿದರು. ಆಮೇಲೆ ಪ್ರತಿಯ ಮೇಲೆ ಮೊಹರು ಒತ್ತಿಕೊಟ್ಟರು.

ಎರಡು ದಿನದ ನಂತರ ಅವನನ್ನೂ ನಮ್ಮಿಬ್ಬರನ್ನೂ ಠಾಣೆಗೆ ಕರೆಸಿದರು. ಅವನು ತಲೆ ತಗ್ಗಿಸಿ, "ನಮ್ಮ ಊರ ಕಡಿಯವ್ರಂತ ಸ್ವಲ್ಪ ಸಲಿಗಿ ತೊಗೊಂಡೆ," ಅಂದ.

ಕ್ಯಾಂಟೀನಿನ ಹೆಂಗಸು ಬಿಡಲಿಲ್ಲ. "ಸಲಿಗಿ ಅಂದ್ರ ಮಳ್ಯಾಗ ಎರಡು ತಾಸು ಗೇಟಿನ ಮುಂದ ನಿಲ್ಲೂದೇನೋ? ಆಕಿ ಬ್ಯಾಡ ಅಂದಿದ್ದು ಕೇಳ್ಸಿಲ್ಲೇನು ನಿನಗ?"

ಇನ್ನೊಂದು ಸಲ ಹತ್ತಿರ ಸುಳಿದರೆ ಕೇಸು ದಾಖಲಾಗುತ್ತದೆಂದು ಅಧಿಕಾರಿ ಎಚ್ಚರಿಸಿದರು, ಮುಚ್ಚಳಿಕೆ ಬರೆಸಿಕೊಂಡರು. ಕರೆಗಳು ಅಂದೇ ನಿಂತವು. ಒಂದು ತಿಂಗಳ ಮೇಲೆ ಒಮ್ಮೆ ಬಸ್ಸಿನಲ್ಲಿ ಎದುರಾದ. ನಾನು ಎದ್ದು ಹೋಗಲಿಲ್ಲ, ಅವನೇ ಮುಂದಿನ ಸ್ಟಾಪಿನಲ್ಲಿ ಇಳಿದ.

ಮರುವರ್ಷ ನಮ್ಮ ವಿಭಾಗಕ್ಕೆ ಸಾಂಖಳಿಯಿಂದ ಒಬ್ಬ ಹುಡುಗಿ ಬಂದಳು. ಅವಳಿಗೂ ಇಂಥದೇ ಕಾಟ. ಮನೆಯಲ್ಲಿ ಹೇಳಿದರೆ ಕೆಲಸ ಬಿಡಿಸುತ್ತಾರೆಂದು ಅತ್ತಳು. ನಾನು ಅರ್ಧ ದಿನ ರಜೆ ಹಾಕಿ ಅವಳ ಜೊತೆ ಠಾಣೆಗೆ ಹೋದೆ. ಅಷ್ಟು ಹೊತ್ತಿಗೆ ಅಲ್ಲಿ ಏನು ಕೇಳುತ್ತಾರೆ, ಏನು ಹೇಳಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.