ಗೌರಿ ಬಾಕಿ

ಗೌರಿ ಹಬ್ಬಕ್ಕೆ ತವರಿನವರು ಹೆಣ್ಣುಮಗಳಿಗೆ ಕೊಡುವ ದುಡ್ಡು ದಾನವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಏಳು ವರ್ಷ ಜಗಳವಾಡಿದ್ದು ಇದಕ್ಕೇ.

ಅಪ್ಪ ಇರುವ ತನಕ ಅಪ್ಪ ಕೊಟ್ಟರು. ಅಪ್ಪ ಹೋದ ಮೇಲೆ ಅಣ್ಣ ಕೊಟ್ಟ. ಒಂದು ಜೊತೆ ಮೊರ, ಅದರೊಳಗೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ಕರಿಮಣಿ, ರವಿಕೆ ಕಣ, ಮೇಲೆ ಒಂದು ಕವರಿನಲ್ಲಿ ನೂರಾ ಒಂದು ರೂಪಾಯಿ. ಅದರಿಂದ ಯಾರ ಮನೆಯೂ ಉದ್ಧಾರವಾಗುವುದಿಲ್ಲ. ಆದರೆ ಆ ಮನೆಯಲ್ಲಿ ನಾನು ಹೊರಗಿನವಳಲ್ಲ ಎನ್ನುವುದಕ್ಕೆ ಅದೊಂದೇ ಗುರುತು.

ಸಾಲ ಆದದ್ದು ನಮ್ಮ ಯಜಮಾನರ ಕಾಲಿನಿಂದ. ಅವರು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದರು. ತೊಂಬತ್ತರ ದಶಕದ ನಡುವೆ ಒಂದು ಸಂಜೆ ಕಲಾಸಿಪಾಳ್ಯದಲ್ಲಿ ಚಲಿಸುವ ಬಸ್ಸಿನಿಂದ ಇಳಿಯಲು ಹೋಗಿ ಬಿದ್ದರು. ತಪ್ಪು ಅವರದೇ. ಬಸ್ಸು ನಿಲ್ಲುವ ತನಕ ಕಾಯುವ ಜಾಯಮಾನವಲ್ಲ. ತೊಡೆಯ ಮೂಳೆ ಮುರಿದು ಒಳಗೆ ರಾಡು ಹಾಕಿದರು. ಆಸ್ಪತ್ರೆಗೆ ಹದಿನಾಲ್ಕು ಸಾವಿರ ಕಟ್ಟಿದವನು ಬಸವನಗುಡಿಯ ನನ್ನ ಅಣ್ಣ. ಅವನು ಸರ್ಕಾರಿ ಗುಮಾಸ್ತ, ಸ್ವಂತ ಮನೆ. ನಾವು ಚಾಮರಾಜಪೇಟೆಯ ವಠಾರದಲ್ಲಿ, ಎಲ್ಲ ಮನೆಗೂ ಸೇರಿ ಒಂದು ನಲ್ಲಿ.

“ದುಡ್ಡಿನ ಯೋಚ್ನೆ ಬಿಡೇ,” ಅಂದ ಅಣ್ಣ ಆಸ್ಪತ್ರೆಯಲ್ಲಿ. ಬಿಟ್ಟೆ.

ಒಂದು ತಿಂಗಳಾಗಿರಬೇಕು. ಗಾಂಧಿ ಬಜಾರಿನಲ್ಲಿ ಸೊಪ್ಪು ಕೊಳ್ಳುತ್ತಿದ್ದೆ. ಅತ್ತಿಗೆಯ ಪಕ್ಕದ ಮನೆಯಾಕೆ ಸಿಕ್ಕಿದರು. “ಏನ್ರೀ, ನಿಮ್ಮ ಸಂಸಾರಾನೂ ಈಗ ನಿಮ್ಮಣ್ಣನೇ ನಡೆಸ್ತಿದಾರಂತೆ? ನಿಮ್ಮತ್ತಿಗೆ ಹೇಳ್ತಿದ್ರು, ಪಾಪ.”

ಆ ಪಾಪ ನನಗೋ ಅತ್ತಿಗೆಗೋ ಎಂದು ಕೇಳಲಿಲ್ಲ. ಸೊಪ್ಪು ಅಲ್ಲೇ ಬಿಟ್ಟು ನೇರ ಅಣ್ಣನ ಮನೆಗೆ ನಡೆದೆ.

“ತಿಂಗಳಿಗೆ ನೂರು ರೂಪಾಯಿ ಕೊಡ್ತೀನಿ,” ಅಂದೆ.

“ಯಾರೇ ಕೇಳಿದ್ರು ನಿನ್ನ?” ಅಂದ ಅಣ್ಣ.

“ಯಾರೂ ಕೇಳ್ಬಾರ್ದು ಅಂತ್ಲೇ ಕೊಡ್ತಿರೋದು.”

ಅಡುಗೆಮನೆಯಿಂದ ಅತ್ತಿಗೆ ನಕ್ಕರು. “ತಿಂಗಳಿಗೆ ನೂರಾ? ತೀರೋಷ್ಟೊತ್ತಿಗೆ ನಾವ್ಯಾರೂ ಇರಲ್ಲ ಬಿಡು.”

“ನೀವಿರಿ ಅತ್ತಿಗೆ. ತೀರಿಸೋದನ್ನ ನೋಡೋಕೆ ಯಾರಾದ್ರೂ ಬೇಕಲ್ಲ.”

ಹೇಳಿ ಬಂದೆ ಸರಿ, ನೂರು ರೂಪಾಯಿ ಎಲ್ಲಿಂದ ತರುವುದು? ಪ್ರೆಸ್ಸಿನವರು ಕುಂಟನನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ವಠಾರದ ಹಿತ್ತಿಲಲ್ಲಿ ಒಂದು ಒಳಕಲ್ಲಿತ್ತು. ಮಿಕ್ಸಿ ಬಂದ ಮೇಲೆ ಅದರಲ್ಲಿ ಯಾರೂ ರುಬ್ಬುತ್ತಿರಲಿಲ್ಲ, ಮಕ್ಕಳು ಗೋಲಿ ಹಾಕಿಡುತ್ತಿದ್ದವು. ಅದನ್ನು ತಿಕ್ಕಿ ತೊಳೆದು ದೋಸೆ ಹಿಟ್ಟು ರುಬ್ಬಿ ಮಾರಲು ಕೂತೆ. ಯಜಮಾನರು ಸ್ಟೂಲಿನ ಮೇಲೆ ಕಾಲು ನೀಡಿಕೊಂಡು ಅಕ್ಕಿ ಆರಿಸುವರು, ನಾನು ಗುಂಡು ತಿರುಗಿಸುವುದು. ಜನ ಅವರವರ ಡಬ್ಬಿ ತರುತ್ತಿದ್ದರು. ಎದುರು ಮನೆಯಾಕೆ ಒಂದು ಬೆಳಿಗ್ಗೆ ಜಗಳಕ್ಕೇ ಬಂದರು.

“ಡಬ್ಬಿ ತುಂಬ ಇದೆ ಅನ್ಕೊಂಡೆ, ಸೌಟು ಹಾಕಿದ್ರೆ ಅರ್ಧ ಗಾಳಿ ಕಣ್ರೀ!”

“ನಿನ್ನೆ ಸಂಜೆ ಅರ್ಧ ಡಬ್ಬೀನೇ ಅಳೆದು ಕೊಟ್ಟಿದ್ದು, ರಾತ್ರಿ ಹುಳಿ ಬಂದು ಉಬ್ಬಿದೆ. ಗಾಳಿಗೆ ದುಡ್ಡು ಇಸ್ಕೊಂಡಿಲ್ಲ, ಹೋಗಿ ದೋಸೆ ಹುಯ್ಕೊಳ್ಳಿ.”

ಹುಯ್ದುಕೊಂಡರು. ಮಾರನೆಯ ದಿನ ಮತ್ತೆ ಬಂದರು.

ದುಡ್ಡು ಕೊಡಲು ನಾನು ಆರಿಸಿಕೊಂಡ ದಿನ ಸಂಕಷ್ಟಿ. ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಆ ಸಂಜೆ ಅಣ್ಣನ ಮನೆಯಲ್ಲಿ ಗಣಪತಿ ಪೂಜೆ, ಅಕ್ಕಪಕ್ಕದ ಹೆಂಗಸರೆಲ್ಲ ಬಂದು ನಡುಮನೆಯಲ್ಲಿ ಕೂತಿರುತ್ತಾರೆ. ಅವರೆಲ್ಲರ ಎದುರಿಗೆ ಅತ್ತಿಗೆಯ ಕೈಗೆ ನೋಟು ಕೊಟ್ಟು, ಈ ತಿಂಗಳದ್ದು ಅತ್ತಿಗೆ ಎಂದು ಗಟ್ಟಿಯಾಗಿ ಹೇಳಿ ಬರುತ್ತಿದ್ದೆ. ಸುದ್ದಿ ಹರಡಿದ ದಾರಿಯಲ್ಲೇ ಇದೂ ಹರಡಲಿ ಎಂದು. ಅಣ್ಣನ ಮಗ ನನ್ನನ್ನು ಗೇಟಿನಲ್ಲಿ ಕಂಡ ಕೂಡಲೇ “ಅಮ್ಮಾ, ಸಂಕಷ್ಟಿ ಅತ್ತೆ ಬಂದ್ರು!” ಎಂದು ಕೂಗುವನು. ಕೂಗಲಿ ಬಿಡು ಎಂದುಕೊಂಡೆ.

ಹೀಗೆ ನಡೆಯುತ್ತಿರುವಾಗ ಗೌರಿ ಹಬ್ಬ ಬಂತು. ಆ ವರ್ಷ ಅಣ್ಣ ನಮ್ಮ ಮನೆಗೆ ಬರಲಿಲ್ಲ, ನೀನೇ ಬಂದು ಹೋಗು ಎಂದು ಹೇಳಿ ಕಳಿಸಿದ. ಹೋದೆ. ಅತ್ತಿಗೆ ಕುಂಕುಮ ಇಟ್ಟು, ಮೊರದ ಮೇಲೆ ಸೆರಗು ಹೊದೆಸಿ ಬಾಗಿನ ಕೊಟ್ಟರು. ಕವರಿರಲಿಲ್ಲ. ಮರೆತಿರಬೇಕು ಎಂದು ಕಾದೆ. ನಾನು ಮೊರ ನೋಡುತ್ತಿದ್ದದ್ದು ಅವರಿಗೆ ಕಂಡಿತು.

“ಆ ನೂರಾ ಒಂದನ್ನ ನಿನ್ನ ಸಾಲಕ್ಕೆ ಮುರ್ಕೊಂಡಿದೀವಿ. ನಿಂಗೂ ಒಂದು ತಿಂಗಳು ಹಗುರ ಆಯ್ತಲ್ಲ.”

ಅತ್ತಿಗೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು ಎಂದು ಈಗ ಅನ್ನಬಹುದು. ನಾನು ಅನ್ನುವುದಿಲ್ಲ. ಮೊರವನ್ನು ಗೌರಿಯ ಮುಂದೆ ಇಟ್ಟೆ.

“ಸಾಲ ನಾನು ತಗೊಂಡಿದ್ದು, ಪೂರ್ತಿ ತೀರಿಸ್ತೀನಿ. ಗೌರಿ ದುಡ್ಡು ಈ ಮನೆ ಮಗಳದ್ದು. ಅದನ್ನ ಮುರಿಯೋಕೆ ನೀವ್ಯಾರು?”

“ಬಾಗಿನ ವಾಪಸ್ ಕೊಡ್ತಾರೇನೇ ಯಾರಾದ್ರೂ! ಮುತ್ತೈದೆ ನೀನು!”

“ವಾಪಸ್ ಕೊಡ್ತಿಲ್ಲ. ನಿಮ್ಮ ಹತ್ರಾನೇ ಇರ್ಲಿ. ಸಾಲ ತೀರಿದ ವರ್ಷ ಎಲ್ಲಾ ಒಟ್ಟಿಗೆ ಇಸ್ಕೊತೀನಿ. ನಾನು ನಿಮಗೆ ಬಾಕಿ, ನೀವು ನಂಗೆ ಬಾಕಿ.”

ಅಣ್ಣ ಪೇಪರು ಹಿಡಿದು ಕೂತಿದ್ದ. ಅದು ಹಿಂದಿನ ದಿನದ್ದು.

ಮನೆಗೆ ಬಂದರೆ ಯಜಮಾನರದ್ದು ಶುರು. “ನೂರು ರೂಪಾಯಿಗೆ ತವರು ಕಳ್ಕೊತೀಯಲ್ಲೇ?”

“ಕಳ್ಕೊಂಡಿದೀನಿ ಅಂತ್ಲೇ ಕಣ್ರೀ ಕೇಳ್ತಿರೋದು. ನೀವು ಅಕ್ಕಿ ಆರಿಸಿ, ಕಲ್ಲು ಉಳೀತಿದೆ.”

ಆಮೇಲಿನ ಗೌರಿ ಹಬ್ಬಗಳಲ್ಲಿ ನಾನು ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ವಠಾರದ ಹೆಂಗಸರು ತವರಿನ ಮೊರ ಇಳಿಸಿಕೊಳ್ಳುವಾಗ ನಾನು ಒಳಗೆ ಹಿಟ್ಟಿನ ಪಾತ್ರೆ ತೊಳೆಯುತ್ತಿದ್ದೆ. ಅಳಲಿಲ್ಲ. ಸಿಟ್ಟು ಬರುತ್ತಿತ್ತು, ಸಿಟ್ಟಿಗೆ ಪಾತ್ರೆ ಚೆನ್ನಾಗಿ ಬೆಳಗುತ್ತಿತ್ತು. ಎರಡು ವಾರ ಕಳೆದು ಸಂಕಷ್ಟಿ ಬಂದರೆ ಮತ್ತೆ ಅದೇ ಗೇಟು, ಅದೇ ನೋಟು.

ಒಂದು ಸಲ ಯಜಮಾನರ ಕಾಲಿನಲ್ಲಿ ಕೀವಾಗಿ ಮತ್ತೆ ಆಸ್ಪತ್ರೆಗೆ ಓಡಾಟ. ಆ ತಿಂಗಳು ಚಿಲ್ಲರೆಯನ್ನೇ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ ಕೊಟ್ಟೆ. ಹೊರಟಾಗ ಅಣ್ಣ ಗೇಟಿನ ತನಕ ಬಂದ. ಆಚೀಚೆ ನೋಡಿ ಅದೇ ಗಂಟನ್ನು ನನ್ನ ಕೈಗೆ ತುರುಕಿದ.

“ಇಟ್ಕೊಳೇ. ಅಷ್ಟು ನಾನು ಹಾಕಿಡ್ತೀನಿ, ಅವಳಿಗೆ ಗೊತ್ತಾಗಲ್ಲ.”

ಅವತ್ತು ನನಗೆ ಆ ದುಡ್ಡು ಬೇಕಾಗಿತ್ತು. ಔಷಧಿಗೇ ಇರಲಿಲ್ಲ. ಒಂದು ಗಳಿಗೆ ಬೆರಳು ಮುಚ್ಚಿಕೊಂಡಿತು ಕೂಡ. ಆದರೆ ಹೀಗೆ ಕಳ್ಳರ ಹಾಗೆ ಇಸಕೊಂಡರೆ, ಬೀದಿಯವರು ಹೇಳುವ ಮಾತು ನಿಜವಾಗುತ್ತದೆ. ಗಂಟನ್ನು ಗೇಟಿನ ಕಂಬದ ಮೇಲೆ ಇಟ್ಟೆ.

“ಗೊತ್ತಾಗ್ದೆ ಇರೋ ದುಡ್ಡು ನಂಗೆ ಬೇಡ ಅಣ್ಣ. ಕೊಡೋದಿದ್ರೆ ಗೊತ್ತಾಗೋ ಹಾಗೆ ಕೊಡೋ ದುಡ್ಡು ಒಂದಿದೆ. ಯಾವ್ದು ಅಂತ ನಿಂಗೇ ಗೊತ್ತು.”

ಅವನ ಮುಖ ಸಣ್ಣದಾಯಿತು. ಆಗಲಿ ಎಂದುಕೊಂಡೆ.

ನಾಲ್ಕು ವರ್ಷಕ್ಕೆ ಒಂದು ಹಳೆಯ ಗ್ರೈಂಡರು ಕೊಂಡೆ. ಹಿಟ್ಟು ಹೆಚ್ಚಾಯಿತು, ಕಂತೂ ಇನ್ನೂರೈವತ್ತಾಯಿತು. ಎರಡು ಸಾವಿರದ ಇಸವಿ ದಾಟಿತು. ಅಣ್ಣ ರಿಟೈರಾದ. ಕೂಗುತ್ತಿದ್ದ ಹುಡುಗನಿಗೆ ಮೀಸೆ ಬಂದು, ನನ್ನನ್ನು ಕಂಡರೆ “ಬನ್ನಿ ಅತ್ತೆ” ಅನ್ನತೊಡಗಿದ.

ಕೊನೆಯ ಕಂತು ಕೊಟ್ಟಿದ್ದು ಶ್ರಾವಣದ ಸಂಕಷ್ಟಿಯಂದು. ನಡುಮನೆ ತುಂಬಿತ್ತು. ಗಾಂಧಿ ಬಜಾರಿನಲ್ಲಿ ಪಾಪ ಅಂದಾಕೆಯೂ ಅಲ್ಲೇ ಇದ್ದರು.

“ಇಲ್ಲಿಗೆ ಹದಿನಾಲ್ಕು ಸಾವಿರ ತೀರ್ತು ಅತ್ತಿಗೆ. ನೂರಾ ಒಂದೂ ಮುರ್ದಿಲ್ಲ. ಇನ್ನು ನಿಮ್ಮ ಬಾಕಿ.”

“ನಮ್ಮದೇನೇ ಬಾಕಿ?”

“ಏಳು ಗೌರಿ. ಇನ್ನು ಎರಡು ವಾರಕ್ಕೆ ಬರೋದು ಎಂಟನೇದು.”

ಯಾರೋ ಕಿಸಕ್ಕೆಂದರು. ನಾನು ಪ್ರಸಾದ ತೆಗೆದುಕೊಂಡು ಬಂದೆ.

ಹಬ್ಬದ ದಿನ ಬೆಳಿಗ್ಗೆ ವಠಾರದ ಬಾಗಿಲಲ್ಲಿ ಗಲಾಟೆ. ಹೊರಗೆ ಬಂದರೆ ಅಣ್ಣ. ಎದೆಯಿಂದ ಗಲ್ಲದ ತನಕ ಮೊರದ ಮೇಲೆ ಮೊರ ಅಪ್ಪಿಕೊಂಡು ನಿಂತಿದ್ದಾನೆ. ಆಟೋದಲ್ಲಿ ಇನ್ನೂ ಇವೆಯಂತೆ.

“ಏನ್ರಣ್ಣ, ಮೊರದ ಅಂಗಡಿ ಇಡ್ತೀರಾ?” ಎಂದು ಎದುರು ಮನೆಯಾಕೆ ನಕ್ಕರು.

“ನನ್ನ ತಂಗಿದು ಕಣಮ್ಮ. ಹಳೇ ಬಾಕಿ,” ಅಂದ ಅಣ್ಣ. ಇಡೀ ವಠಾರಕ್ಕೆ ಕೇಳುವ ಹಾಗೆ ಅಂದ.

ನಾನು ಕೈ ಚಾಚಲಿಲ್ಲ. “ಈ ಬಾಕಿ ನೀನು ಕೊಟ್ರೆ ಆಗಲ್ಲ, ಮುರ್ಕೊಂಡೋರೇ ಕೊಡ್ಬೇಕು. ಕೊಡೋರೆಲ್ಲಿ?”

“ಆಟೋದಲ್ಲಿ ಕೂತಿದಾಳೆ. ಇಳಿಯಲ್ಲ ಅಂತಾಳೆ.”

ಅರಿಶಿನದ ಕೈಯಲ್ಲೇ ಬೀದಿಗೆ ಹೋದೆ. ಅತ್ತಿಗೆ ರೇಷ್ಮೆ ಸೀರೆ ಉಟ್ಟು ಮೊರಗಳ ನಡುವೆ ಇಕ್ಕಟ್ಟಾಗಿ ಕೂತಿದ್ದರು, ಮುಖ ಆ ಕಡೆಗೆ.

“ಇಳೀರಿ ಅತ್ತಿಗೆ. ಮೀಟರ್ ಓಡ್ತಿದೆ.”

“ಎಷ್ಟು ಹಟಾನೇ ನಿಂದು!”

“ನಿಮ್ಮ ಮನೆ ಮಗಳಲ್ವಾ.”

ಇಳಿದರು. ನಡುಮನೆಯಲ್ಲಿ ಮಣೆ ಹಾಕಿದೆ. ವಠಾರದವರೆಲ್ಲ ಬಾಗಿಲಲ್ಲಿ. ಒಂದೊಂದು ಜೊತೆಗೂ ಸೆರಗು ಹೊದೆಸಿ, ಒಂದೊಂದು ಕವರೂ ಇಟ್ಟು ಅತ್ತಿಗೆ ಕೊಟ್ಟರು, ನಾನು ಇಸಕೊಂಡೆ. ಕೊನೆಗೆ ಬರುವಷ್ಟರಲ್ಲಿ ಅವರಿಗೆ ಸೊಂಟ ಹಿಡಿದಿತ್ತು. ಯಜಮಾನರು ಮೂಲೆಯಿಂದ, ಅಕ್ಕಿ ಚೆನ್ನಾಗಿದೆ, ಹಿಟ್ಟಿಗಾಗುತ್ತೆ ಅಂದರು. ಮೊದಲು ನಕ್ಕಿದ್ದು ಅತ್ತಿಗೆಯೇ.

ಹಬ್ಬ ಕಳೆದ ಮೇಲೆ ಅತ್ತಿಗೆಯ ಮಗ ಡಬ್ಬಿ ಹಿಡಿದು ಬಂದ. ಅಮ್ಮ ದೋಸೆ ಹಿಟ್ಟು ಇಸ್ಕೊಂಡು ಬಾ ಅಂದರಂತೆ. ಅಳೆದು ಅರ್ಧ ಡಬ್ಬಿ ಹಾಕಿದೆ. ಡಬ್ಬಿ ತೆಗೆದುಕೊಂಡು ಹೊರಟ.

“ದುಡ್ಡು?” ಅಂದೆ.

ಜೇಬಿನಿಂದ ತೆಗೆದು ಕೊಟ್ಟ. ಅತ್ತಿಗೆ ಸರಿಯಾಗೇ ಕೊಟ್ಟು ಕಳಿಸಿದ್ದರು.