ತಕ್ಕಡಿ ಅಕ್ಕ ಪಾಸು ಮಾಡಿದ ಹಬ್

ಬೆಳಗಿನ ಐದು ಗಂಟೆ. ಆಸ್ಪತ್ರೆಯ ರಕ್ತ ಪರೀಕ್ಷಾ ವಿಭಾಗದ ಬಾಗಿಲು ತೆರೆಯಲು ಇನ್ನೂ ಒಂದೂವರೆ ಗಂಟೆ ಇದೆ. ಹೊರಗಿನ ಬೆಂಚಿನ ಮೇಲೆ ಖಾಲಿ ಹೊಟ್ಟೆಯ ನಾಲ್ಕಾರು ಜನ ಆಗಲೇ ಆಕಳಿಸುತ್ತ ಕುಳಿತಿದ್ದಾರೆ. ಒಳಗೆ, ಕೌಂಟರುಗಳ ಹಿಂದಿನ ಸಣ್ಣ ಕೋಣೆಯಲ್ಲಿ, ಐವತ್ತೆರಡು ವರ್ಷದ ಹೆಂಗಸೊಬ್ಬರು ಅಡುಗೆಮನೆಯ ತಕ್ಕಡಿಯ ಮೇಲೆ ಕರಿಯ ಅಡಾಪ್ಟರೊಂದನ್ನು ಇಟ್ಟು, ಕನ್ನಡಕ ಮೇಲೇರಿಸಿ ಅಂಕಿ ಓದುತ್ತಿದ್ದಾರೆ. ಅರವತ್ತು ಗ್ರಾಂ. ಅವರ ಮೂತಿ ಸೊಟ್ಟಗಾಗುತ್ತದೆ. "ಒಳಗೆ ಗಾಳಿ ಬಿಟ್ರೆ ಇನ್ನೇನೂ ಇಲ್ಲ ಇದ್ರಲ್ಲಿ" ಎಂದು ಅದನ್ನು ಪಕ್ಕಕ್ಕೆ ಸರಿಸುತ್ತಾರೆ.

ಇಡೀ ಆಸ್ಪತ್ರೆ ಇವರನ್ನು ಕರೆಯುವುದು ತಕ್ಕಡಿ ಅಕ್ಕ ಎಂದೇ. ಕಾಗದದ ಮೇಲೆ ಹುದ್ದೆ ಸಹಾಯಕಿ. ನಿಜವಾಗಿ ಮಾಡುವುದು ಕೌಂಟರುಗಳಿಗೆ ಯುಎಸ್‌ಬಿ ಹಬ್ ಆರಿಸಿ, ಜೋಡಿಸಿ, ಅದು ಕೈಕೊಡದಂತೆ ಕಾಯುವ ಕೆಲಸ. ಹಬ್ ಎಂದರೆ ಮಹಾ ಯಂತ್ರವೇನಲ್ಲ, ಅಂಗೈಯಗಲದ ಒಂದು ಡಬ್ಬಿ. ಕಂಪ್ಯೂಟರಿಗೆ ಇರುವುದು ಎರಡೋ ಮೂರೋ ಕಿಂಡಿ. ಕೌಂಟರಿನಲ್ಲಿರುವುದೋ ಲೇಬಲ್ ಪ್ರಿಂಟರು, ಬಾರ್‌ಕೋಡ್ ಓದುವ ಗನ್ನು, ಕ್ಯಾಮೆರಾ, ಹೆಬ್ಬೆಟ್ಟು ಒತ್ತುವ ಯಂತ್ರ, ಕಾರ್ಡ್ ಓದುವ ಯಂತ್ರ. ಐದನ್ನೂ ಈ ಡಬ್ಬಿಗೆ ಸಿಕ್ಕಿಸಿ, ಡಬ್ಬಿಯನ್ನು ಕಂಪ್ಯೂಟರಿಗೆ ಸಿಕ್ಕಿಸುತ್ತಾರೆ. ಕಂಪ್ಯೂಟರಿನಿಂದ ಬರುವ ಕರೆಂಟು ಇಷ್ಟಕ್ಕೆಲ್ಲ ಸಾಲದು. ಹಾಗಾಗಿ ಹಬ್‌ಗೆ ತನ್ನದೇ ಅಡಾಪ್ಟರ್ ಇರಬೇಕು, ಅದು ಸಾಚಾ ಆಗಿರಬೇಕು.

"ಮನೇಲಿ ಐದು ಜನ ಇದ್ದಾರೆ ಅಂತ ಐದೇ ಜನಕ್ಕೆ ಅಳತೆ ಹಾಕಿ ಅಡುಗೆ ಮಾಡ್ತೀರಾ? ಯಾರಾದ್ರೂ ಒಬ್ರು ಬಂದೇ ಬರ್ತಾರೆ. ಇದೂ ಹಾಗೇ. ಐದಕ್ಕೂ ಸೇರಿ ಎರಡೂವರೆ ಆಂಪಿಯರ್ ಸಾಕು ಅಂದ್ರೆ ನಾನು ನಾಲ್ಕರದ್ದೇ ತಗೊಳ್ಳೋದು" ಎನ್ನುತ್ತಾರೆ ಅಕ್ಕ.

ನಾನು ಹೋದ ದಿನ ಅವರ ಮುಂದೆ ಮೂರು ಹೊಸ ಹಬ್‌ಗಳಿದ್ದವು. ಅರವತ್ತು ಗ್ರಾಂನ ಆ ಅಡಾಪ್ಟರು ಮೊದಲನೆಯದರದು, ಮೂರರಲ್ಲಿ ಅದೇ ಅಗ್ಗದ್ದು. ಎಂಟೂ ಕೌಂಟರುಗಳ ಹಳೆಯ ಹಬ್‌ಗಳನ್ನು ಬದಲಿಸಬೇಕಾಗಿದೆ. ಖರೀದಿ ವಿಭಾಗದ ಸಾಹೇಬರು ಹನ್ನೊಂದು ಗಂಟೆಗೆ ಬಂದು ಮೂರರಲ್ಲಿ ಒಂದಕ್ಕೆ ಸಹಿ ಹಾಕುತ್ತಾರೆ. ಬೇಡ ಎನ್ನಲು ಅಕ್ಕನ ಹತ್ತಿರ ಗಟ್ಟಿ ಕಾರಣ ಇಲ್ಲದಿದ್ದರೆ ಅಗ್ಗದ್ದೇ ಗೆಲ್ಲುತ್ತದೆ. ಗೆದ್ದದ್ದು ಕೆಟ್ಟದ್ದಾದರೆ, ಕಳೆದ ವರ್ಷ ಆದದ್ದು ಎಂಟು ಕೌಂಟರಿನಲ್ಲೂ ಆಗಬಹುದು. ಅವರ ಭಯ ಅದೊಂದೇ.

ಅಕ್ಕ ಇಲ್ಲಿಗೆ ಸೇರಿದ್ದು ಇಪ್ಪತ್ತಮೂರು ವರ್ಷದ ಹಿಂದೆ, ರಕ್ತ ಹಿಡಿಯುವ ಗಾಜಿನ ನಳಿಗೆ ತೊಳೆಯುವುದಕ್ಕೆ. ಅಕ್ಷರ ದುಂಡಗಿದ್ದದ್ದರಿಂದ ನಳಿಗೆಗಳ ಮೇಲೆ ಹೆಸರು ಬರೆಯಲು ಕೂರಿಸಿದರು. ಒಂಬತ್ತು ವರ್ಷ ಬರೆದರು. ಆಮೇಲೆ ಪ್ರಿಂಟರು ಬಂತು, ದುಂಡು ಅಕ್ಷರ ಮೂಲೆಗೆ ಹೋಯಿತು, ಅಕ್ಕ ಪ್ರಿಂಟರಿನ ಕಾಗದ ಬದಲಿಸುವವರಾದರು. ಹಾಗೇ ಒಂದೊಂದೇ ವೈರು ಅವರ ಕೊರಳಿಗೆ ಬಿತ್ತು. ಕೆಲಸ ಇಂದಿಗೂ ವರ್ಷದ ಗುತ್ತಿಗೆಯದು. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಫೋಟೋ. "ಇಷ್ಟೂ ಫೋಟೋ ಸಾಲಾಗಿ ಇಟ್ರೆ ನಾನು ಮುದುಕಿ ಆಗಿದ್ದು ಪೂರ್ತಿ ಕಾಣುತ್ತೆ" ಎಂದು ತಾವೇ ನಗುತ್ತಾರೆ.

ತಕ್ಕಡಿ ಅತ್ತೆಯದು. ಒಂದು ದಿನಕ್ಕೆಂದು ತಂದದ್ದು ಹನ್ನೊಂದು ತಿಂಗಳಿಂದ ಇಲ್ಲೇ ಇದೆ. ಅತ್ತೆ ಕೇಳಿದಾಗಲೆಲ್ಲ ಸೊಸೆಯ ಉತ್ತರ "ನಾಳೆ ತರ್ತೀನಿ ಅತ್ತೆ". ಯಜಮಾನರು ಲಿಫ್ಟ್ ರಿಪೇರಿ ಮಾಡುವವರು. ಬಿಸಿಯನ್ನು ಅಂಗೈಯಿಂದ ನೋಡಬಾರದು, ಕೈಯ ಹಿಂಭಾಗದಿಂದ ನೋಡಬೇಕು ಎಂದು ಹೇಳಿಕೊಟ್ಟದ್ದು ಅವರೇ.

ತೂಕದಲ್ಲಿ ಪಾಸಾದರೆ ಮುಗಿಯಲಿಲ್ಲ. ಒಮ್ಮೆ ಒಳ್ಳೆ ತೂಕದ ಅಡಾಪ್ಟರೊಂದನ್ನು ಬಿಚ್ಚಿ ನೋಡಿದಾಗ ಒಳಗೆ ಭಾರಕ್ಕೆಂದೇ ಅಂಟಿಸಿದ್ದ ಕಬ್ಬಿಣದ ತುಂಡು ಸಿಕ್ಕಿತ್ತಂತೆ. "ಬೆಳ್ಳಗಿರೋದೆಲ್ಲ ಹಾಲಲ್ಲ" ಎನ್ನುತ್ತ ಅಕ್ಕ ಎರಡನೆಯ ಹಬ್‌ಗೆ ಕೈ ಹಾಕುತ್ತಾರೆ. ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ, ಅದರ ವೈರನ್ನು ಗೋಡೆಯಿಂದಲೂ ಕಿತ್ತು, ಹಬ್ ಮಾತ್ರ ಆನ್ ಇಡುತ್ತಾರೆ. ಸತ್ತಿರಬೇಕಾದ ಕಂಪ್ಯೂಟರಿನ ಮುಂದೆ ಸಣ್ಣ ಹಸಿರು ದೀಪ ಮಿಣುಕುತ್ತದೆ. ಹಬ್‌ನ ಕರೆಂಟು ಹಿಂದಕ್ಕೆ ನುಗ್ಗುತ್ತಿದೆ, ಇವತ್ತಲ್ಲ ನಾಳೆ ಕಂಪ್ಯೂಟರನ್ನೇ ಸುಡುತ್ತದೆ. ಅದೂ ಪಕ್ಕಕ್ಕೆ ಹೋಗುತ್ತದೆ.

ಮೂರನೆಯದು ಎರಡೂ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅಕ್ಕ ಅದರ ಅಡಾಪ್ಟರನ್ನು ಹಬ್‌ಗೆ ಕೆಂಪು ದಾರದಿಂದ ಕಟ್ಟುತ್ತಾರೆ. ಪಕ್ಕದ ಕಂಪ್ಯೂಟರ್ ಪರದೆಯ ಅಡಾಪ್ಟರಿನ ಪಿನ್ನೂ ಇದೇ ಅಳತೆಯದು, ಆದರೆ ಅದರ ಕರೆಂಟು ಹನ್ನೆರಡು ವೋಲ್ಟ್, ಹಬ್ ತಡೆಯುವುದು ಐದೇ. ಕಸ ಗುಡಿಸುವಾಗ ಯಾರೋ ಎರಡನ್ನೂ ಕಿತ್ತು ಅದಲುಬದಲು ಸಿಕ್ಕಿಸಿದರೆ ಐದೂ ಯಂತ್ರ ಒಟ್ಟಿಗೆ ಹೊಗೆಯಾಗುತ್ತವೆ.

ಇಷ್ಟು ಎಚ್ಚರ ಬಂದದ್ದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಕಳೆದ ವರ್ಷ ನಾಲ್ಕನೇ ಕೌಂಟರಿಗೆ ಹಬ್ ಆರಿಸಿದ್ದೂ ಅಕ್ಕನೇ. ಹತ್ತು ನಿಮಿಷ ಪರೀಕ್ಷಿಸಿ ಚೆನ್ನಾಗಿದೆ ಎಂದರು. ಮೂರು ಗಂಟೆ ಬಿಡುವಿಲ್ಲದೆ ದುಡಿದು ಬಿಸಿಯಾದ ಹಬ್ ಒಂದು ಸೋಮವಾರ ಎರಡು ಸೆಕೆಂಡು ಕಣ್ಣು ಮುಚ್ಚಿತು. ಪ್ರಿಂಟರು ಆರಿ ಮತ್ತೆ ಹತ್ತಿತು. ಹತ್ತಿದ್ದೇ, ಆಗಲೇ ಮುದ್ರಿಸಿದ್ದ ಹೆಸರನ್ನೇ ಇನ್ನೊಮ್ಮೆ ಮುದ್ರಿಸಿತು. ಬಂದದ್ದನ್ನು ಬಂದ ಹಾಗೆ ಅಂಟಿಸುವುದು ಕೌಂಟರಿನ ಅಭ್ಯಾಸ. ಓದುತ್ತ ಕೂತರೆ ಇನ್ನೂರೈವತ್ತು ಜನ, ಆರುನೂರು ನಳಿಗೆ ಮಧ್ಯಾಹ್ನದೊಳಗೆ ಮುಗಿಯುವುದಿಲ್ಲ. ಅಲ್ಲಿಂದ ಮುಂದೆ ಪ್ರತಿಯೊಬ್ಬರ ರಕ್ತದ ಮೇಲೂ ಅವರಿಗಿಂತ ಮುಂಚೆ ಬಂದವರ ಹೆಸರು. ಕಾಗದದ ಸುರುಳಿ ಮುಗಿದು, ಪ್ರಿಂಟರನ್ನು ನಿಲ್ಲಿಸಿ ಹೊಸದು ಹಾಕಿದಾಗ ಸಾಲು ತಾನಾಗಿ ಸರಿಹೋಯಿತು, ಅಷ್ಟರಲ್ಲಿ ಹನ್ನೊಂದು ಜನ ಅದಲುಬದಲಾಗಿದ್ದರು.

ಬಯಲಾದದ್ದು ಒಬ್ಬ ನಿವೃತ್ತ ಮೇಷ್ಟರಿಂದ. ಅವರು ವರದಿ ಬೀಸುತ್ತ ಬಂದು, "ಅರವತ್ತು ವರ್ಷದಿಂದ ನಂದು ಓ ಪಾಸಿಟಿವ್. ನಿನ್ನೆ ಬಿ ಆಯ್ತಾ? ನಿದ್ದೆಯಲ್ಲಿ ಯಾರಾದ್ರೂ ಬದಲಾಯಿಸಿದ್ರಾ?" ಎಂದು ಕೇಳಿದರಂತೆ. ವಿಚಾರಣೆ ಶುರುವಾಯಿತು. ಕಂಪ್ಯೂಟರ್ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ಎಲ್ಲರೂ ತಯಾರಿದ್ದರು. ಅಕ್ಕ ತಾವೇ ಮುಖ್ಯ ವೈದ್ಯರ ಕೋಣೆಗೆ ಹೋಗಿ ಹಬ್ ಆರಿಸಿದ್ದು ತಾನು ಎಂದರು. ಹನ್ನೊಂದು ಮನೆಗೂ ತಾವೇ ಫೋನ್ ಮಾಡಿದರು.

"ಬಟ್ಟೆ ಹೊಲಿಯೋರು ಒಬ್ರಿದ್ರು. ಅವ್ರಿಗೆ ಏನೂ ಆಗಿರ್ಲಿಲ್ಲ. ಕಿಡ್ನಿ ಹಾಳಾಗಿದೆ ಅಂತ ವರದಿ ಹೋಗಿತ್ತು. ಹೊಲಿಯೋಕೆ ಬಂದಿದ್ದ ಬಟ್ಟೆ ಎಲ್ಲಾ ವಾಪಸ್ ಕೊಟ್ಟು, ಮೂರು ದಿನ ಗೋಡೆ ನೋಡ್ಕೊಂಡು ಕೂತಿದ್ರಂತೆ. ನನ್ನ ಬೈಲೇ ಇಲ್ಲ. ಬೈದಿದ್ರೆ ಚೆನ್ನಾಗಿತ್ತು" ಎನ್ನುವಾಗ ಅಕ್ಕ ತಕ್ಕಡಿಯನ್ನು ಸುಮ್ಮನೆ ಒರೆಸುತ್ತಾರೆ. ನಾಚಿಕೆ ಇನ್ನೂ ಆರಿಲ್ಲ.

ಆರೂವರೆಗೆ ಬಾಗಿಲು ತೆರೆಯುತ್ತದೆ. ಮೂರನೆಯ ಹಬ್ ನಾಲ್ಕನೇ ಕೌಂಟರಿನಲ್ಲಿ ಕೆಲಸಕ್ಕೆ ಕೂರುತ್ತದೆ. ಇವತ್ತು ಆ ಕೌಂಟರಿನಲ್ಲಿ ಮಾತ್ರ ಪ್ರತಿ ಲೇಬಲನ್ನೂ ಗಟ್ಟಿಯಾಗಿ ಓದಿ ಅಂಟಿಸಬೇಕು, ಅದು ಅಕ್ಕನ ಕಟ್ಟಪ್ಪಣೆ. ಅವರು ಅರ್ಧ ಗಂಟೆಗೊಮ್ಮೆ ಬಂದು ಕೈಯ ಹಿಂಭಾಗ ತಾಗಿಸಿ ಹೋಗುತ್ತಾರೆ. ಏಳೂವರೆಗೆ ಬೆಚ್ಚಗಿದೆ. ಒಂಬತ್ತಕ್ಕೂ ಅಷ್ಟೇ ಬೆಚ್ಚಗಿದೆ.

ಹತ್ತು ಗಂಟೆಗೆ ಅಕ್ಕ ತಾವೇ ಸಾಲಿನ ನಡುವೆ ಸೇರಿಕೊಂಡು ತೋಳು ಚಾಚುತ್ತಾರೆ. ಆ ಸೋಮವಾರದಿಂದ ಇದು ಅವರ ಪದ್ಧತಿ. ಹೊಸ ಹಬ್ ಮೂರು ಗಂಟೆಗೂ ಮೇಲೆ ದುಡಿದು ಕಾದಾಗ ತಮ್ಮ ರಕ್ತ ಕೊಡುತ್ತಾರೆ. ಅವರದು ಎಬಿ ನೆಗೆಟಿವ್, ನೂರು ಜನರಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಓದುವವರ ಕಣ್ಣು ತಪ್ಪಿ ಲೇಬಲ್ ಒಂದು ಹೆಜ್ಜೆ ಜರುಗಿದ್ದರೂ ಅವರ ಹೆಸರಿನಲ್ಲಿ ಹಿಂದೆ ನಿಂತವರ ಗುಂಪು ಬರುತ್ತದೆ, ಗುಟ್ಟು ಒಡೆಯುತ್ತದೆ.

ಹನ್ನೊಂದಕ್ಕೆ ಖರೀದಿ ಸಾಹೇಬರು ಬರುತ್ತಾರೆ, ಕೈಯಲ್ಲಿ ಪೆನ್ನು, ಕಣ್ಣು ಅಗ್ಗದ ಹಬ್ ಮೇಲೆ. ಅದೇ ಹೊತ್ತಿಗೆ ಲ್ಯಾಬಿನ ತಂತ್ರಜ್ಞರು ವರದಿ ಹಿಡಿದು ಒಳಗೆ ಬರುತ್ತಾರೆ. ಅವರ ಮುಖ ಬಾಡಿದೆ.

"ಗುಂಪು ಎಬಿ ನೆಗೆಟಿವ್ವೇ ಬಂದಿದೆ ಅಕ್ಕ. ಆದ್ರೆ ನೀವು ಬೆಳಗ್ಗಿಂದ ಏನೂ ತಿಂದಿರ್ಲಿಲ್ವಲ್ಲ, ಇರ್ಲಿ ಅಂತ ಅದೇ ನಳಿಗೆಯ ರಕ್ತದಲ್ಲಿ ಸಕ್ಕರೆನೂ ನೋಡ್ದೆ. ನೂರ ಎಂಬತ್ತಾರು ಇದೆ."

ಖಾಲಿ ಹೊಟ್ಟೆಯಲ್ಲಿ ನೂರು ದಾಟಬಾರದು ಎಂಬುದು ಈ ಕೋಣೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಕ್ಕ ಸ್ಟೂಲಿನ ಮೇಲೆ ಕೂರುತ್ತಾರೆ. ಹೆದರಿದ್ದಾರೆ, ಅದು ಮುಖದಲ್ಲೇ ಕಾಣುತ್ತದೆ. ತಂತ್ರಜ್ಞರು ದನಿ ತಗ್ಗಿಸಿ ಸಮಾಧಾನ ಹೇಳಲು ನೋಡುತ್ತಾರೆ. "ಲೇಬಲ್ ಏನಾದ್ರೂ ಜರುಗಿರಬಹುದಾ ಅಕ್ಕ? ಹೊಸ ಹಬ್ಬು ಬೇರೆ. ಬೇರೆ ಯಾರದ್ದೋ ಇರಬಹುದು."

ಸಾಹೇಬರ ಕಿವಿ ನೆಟ್ಟಗಾಗುತ್ತದೆ. "ಜರುಗಿದ್ಯಾ? ಹಾಗಿದ್ರೆ ಇದೂ ಬೇಡ ಬಿಡಿ. ಕಡಿಮೆ ಬೆಲೆದೇ ತಗೊಳ್ಳೋಣ."

ಅಕ್ಕ ವರದಿಯನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಮೇಲಿಂದ ಕೆಳಗೆ ಒಮ್ಮೆ ಓದುತ್ತಾರೆ. ಆಮೇಲೆ ಅದನ್ನು ಸಾಹೇಬರ ಮುಂದೆ ಇಡುತ್ತಾರೆ.

"ಗುಂಪು ನಂದೇ ಅಂದ್ಮೇಲೆ ಸಕ್ಕರೆ ಬೇರೆಯವ್ರದ್ದು ಹೇಗಾಗುತ್ತೆ? ಸಹಿ ಹಾಕಿ ಸಾರ್. ಹಬ್ ಸರಿಯಾಗಿದೆ. ಸಕ್ಕರೆ ನಂದೇ."