ಬಾಲವಿಲ್ಲದ ರಾಕೆಟ್ಟು

ರಷ್ಯಾದವರು ಆಕಾಶಕ್ಕೆ ಉಪಗ್ರಹ ಹಾರಿಸಿದಾಗ ನಾನು ಶಿರಾದಲ್ಲಿ ವಿಜ್ಞಾನದ ಮೇಷ್ಟ್ರು. ನಾವೂ ರಾಕೆಟ್ಟು ಬಿಡೋಣ ಅಂತ ನನ್ನ ಇಬ್ಬರು ಹೆಣ್ಣುಮಕ್ಕಳಿಗೆ ಮಾತು ಕೊಟ್ಟು, ಬೀದಿಗೆಲ್ಲ ಡಂಗುರ ಸಾರಿಬಿಟ್ಟೆ. ಮಕ್ಕಳು ರಟ್ಟಿನ ಎರಡು ಕೊಳವೆ ಸುತ್ತಿದರು. ಮದುವೆಗಳಿಗೆ ಬಾಣಬಿರುಸು ಮಾಡುವ ಪಕ್ಕದ ಬೀದಿಯ ಸಾಹೇಬರು ಮದ್ದು ತುಂಬಿಕೊಟ್ಟರು. ಆಮೇಲೆ ಪತ್ರಿಕೆಯ ಚಿತ್ರ ನೋಡಿಕೊಂಡು ಪೋಸ್ಟ್‌ಕಾರ್ಡಿನ ರೆಕ್ಕೆ ಅಂಟಿಸಿದೆವು.

ಭಾನುವಾರ ಹಿತ್ತಲ ತುಂಬ ಜನ. ಹಚ್ಚಿದರೆ ಮೊದಲನೇ ರಾಕೆಟ್ಟು ನೆಲದ ಮೇಲೇ ಹಾವಿನ ಹಾಗೆ ಹರಿದು ತಿಪ್ಪೆಗೆ ನುಗ್ಗಿತು. ಎಲ್ಲರೂ ನಕ್ಕರು, ಸಾಹೇಬರು ಮಾತ್ರ ನಗಲಿಲ್ಲ.

“ಅರೆ ಮೇಷ್ಟ್ರೇ, ಇದ್ಕೆ ಬಾಲ ಎಲ್ಲೈತೆ?”

“ರಾಕೆಟ್ಟಿಗೆ ಬಾಲ ಇರಲ್ಲ ಸಾಹೇಬ್ರೇ, ಚಿತ್ರ ನೋಡಿ.”

“ಚಿತ್ರ ಹಾರಾಕಿಲ್ಲ ಬುಡಿ.”

ನಮ್ಮ ಕಡ್ಡಿಪೊರಕೆಯಿಂದ ಉದ್ದನೆಯ ಕಡ್ಡಿ ಕಿತ್ತು ಇನ್ನೊಂದು ಕೊಳವೆಗೆ ಕಟ್ಟಿದರು. ಬೆರಳ ಮೇಲಿಟ್ಟು ತೂಗಿ ನೋಡಿ, ಕಡ್ಡಿಯ ತುದಿ ಚೂರು ಮುರಿದು, ತಾವೇ ಹಚ್ಚಿದರು. ಸುಯ್ಯೆಂದು ಬೇವಿನ ಮರ ದಾಟಿ ಹೋಯಿತು! ಮಕ್ಕಳ ಜೊತೆ ನಾನೂ ಪಂಚೆ ಎತ್ತಿ ಕಟ್ಟಿ ಕುಣಿದೆ.

ಮಾರನೆಯ ದಿನ ತರಗತಿಯಲ್ಲಿ, ರಾಕೆಟ್ಟು ಹಾರುವುದು ಹೇಗೆಂದು ಬಲು ಗತ್ತಿನಿಂದ ವಿವರಿಸಿದೆ. ಮುಂದಿನ ಬೆಂಚಿನಲ್ಲಿದ್ದ ದೊಡ್ಡ ಮಗಳು ಕೈಯೆತ್ತಿದಳು.

“ಸಾರ್, ಪೊರಕೆ ಕಡ್ಡಿ ಹೇಳೋದು ಮರೆತ್ರಿ.”